ಓದುಗರ ಪ್ರಶ್ನೆ: ಅರೇಯ ಟೈಪನ್ನು ಅರೇಯಿಂದಲೇ ತಿಳಿಯುವುದು

ಪ್ರಶ್ನೆ: ಯಾವ ಆಬ್ಜೆಕ್ಟ್ ಕೊಟ್ಟರೂ ಅದರ ವಿವರವನ್ನು ಲಾಗ್‌ಗೆ ಬರೆಯುವಂಥ ಒಂದು ಜಾವಾ ಮೆಥಡನ್ನು ನಮ್ಮ ಕಾಲೇಜು ಪ್ರಾಜೆಕ್ಟ್‌ಗಾಗಿ ಬರೆದಿದ್ದೇನೆ. ಬಂದ ಆಬ್ಜೆಕ್ಟ್ ಅರೇ (ಒಂದೇ ಟೈಪ್‌ನ ಬೆಲೆಗಳ ಸಾಲು) ಆಗಿದ್ದರೆ ಅದನ್ನು ಆಬ್ಜೆಕ್ಟ್ ಅರೇ ಎಂದು ಕಾಸ್ಟ್ ಮಾಡಿ (ಆ ಟೈಪ್ ಎಂದೇ ಪರಿಗಣಿಸುವಂತೆ ಹೇಳಿ), ಮೊದಲ ಎಲಿಮೆಂಟ್‌ನ ಮೇಲೆ ಗೆಟ್‌ಕ್ಲಾಸ್ ಕರೆದು, ಬಂದ ಹೆಸರನ್ನು ಬರೆಯುತ್ತೇನೆ. ಸ್ಟ್ರಿಂಗ್ ಅರೇಗೆ ಇದು ಸರಿಯಾಗಿ ನಡೆಯಿತು. ಇಂಟ್ ಅರೇ ಕೊಟ್ಟ ಕೂಡಲೇ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಬಂತು. ಅರೇಯೊಳಗೆ ಯಾವ ಟೈಪ್ ಇದೆ ಎಂದು ತಿಳಿಯುವ ಸರಿಯಾದ ದಾರಿ ಯಾವುದು? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನೀವು ಕೇಳಬೇಕಾದ ಪ್ರಶ್ನೆಯನ್ನು ಅರೇಯನ್ನು ಬಿಟ್ಟು ಅದರೊಳಗಿರುವ ಎಲಿಮೆಂಟನ್ನು ಕೇಳಿದ್ದೀರಿ, ತೊಂದರೆಯ ಮೂಲ ಅಲ್ಲಿದೆ. ಜಾವಾದಲ್ಲಿ ಅರೇ ಎಂಬುದು ತಾನೇ ಒಂದು ಆಬ್ಜೆಕ್ಟ್. ಅದಕ್ಕೆ ತನ್ನದೇ ಆದ ಕ್ಲಾಸ್ ಇದೆ, ಮತ್ತು ತನ್ನೊಳಗೆ ಯಾವ ಟೈಪ್‌ನ ಬೆಲೆಗಳನ್ನು ಇಡಬಹುದು ಎಂಬ ಮಾಹಿತಿಯನ್ನು ಆ ಕ್ಲಾಸ್, ಅರೇ ಹುಟ್ಟಿದ ಗಳಿಗೆಯಿಂದ ಕೊನೆಯವರೆಗೆ ಬದಲಾಗದಂತೆ ಇಟ್ಟುಕೊಂಡಿರುತ್ತದೆ. ಆದ್ದರಿಂದ ಅರೇಯ ಮೇಲೆಯೇ ಗೆಟ್‌ಕ್ಲಾಸ್ ಕರೆಯಿರಿ, ಬಂದ ಕ್ಲಾಸ್ ಆಬ್ಜೆಕ್ಟ್‌ನ ಮೇಲೆ ಈಸ್‌ಅರೇ ಕರೆದು ಅದು ಅರೇಯೇ ಎಂದು ಖಚಿತಪಡಿಸಿಕೊಳ್ಳಿ, ಅನಂತರ ಗೆಟ್‌ಕಾಂಪೊನೆಂಟ್‌ಟೈಪ್ ಕರೆಯಿರಿ. ಸ್ಟ್ರಿಂಗ್ ಅರೇಗೆ ಸ್ಟ್ರಿಂಗ್ ಎಂಬ ಕ್ಲಾಸ್, ಇಂಟ್ ಅರೇಗೆ ಇಂಟ್ ಎಂಬ ಪ್ರಿಮಿಟಿವ್ (ಆಬ್ಜೆಕ್ಟ್ ಅಲ್ಲದ ಮೂಲ) ಟೈಪನ್ನು ಸೂಚಿಸುವ ಕ್ಲಾಸ್ ಆಬ್ಜೆಕ್ಟ್ ಸಿಗುತ್ತದೆ. ಅರೇ ಅಲ್ಲದ ಕ್ಲಾಸ್‌ನ ಮೇಲೆ ಕರೆದರೆ ಈ ಮೆಥಡ್ ನಲ್ ಹಿಂತಿರುಗಿಸುತ್ತದೆಯೇ ಹೊರತು ಎಕ್ಸೆಪ್ಷನ್ ಎಸೆಯುವುದಿಲ್ಲ. ಜಾವಾ 12ರಿಂದ ಇದೇ ಕೆಲಸಕ್ಕೆ ಕಾಂಪೊನೆಂಟ್‌ಟೈಪ್ ಎಂಬ ಚಿಕ್ಕ ಹೆಸರೂ, ಒಂದು ಟೈಪ್‌ನಿಂದ ಅದರ ಅರೇಯ ಟೈಪನ್ನು ಪಡೆಯಲು ಅರೇಟೈಪ್ ಎಂಬ ಮೆಥಡೂ ಬಂದಿವೆ.

ಮೊದಲ ಎಲಿಮೆಂಟನ್ನು ನೋಡಿ ತೀರ್ಮಾನಿಸುವ ಕ್ರಮ ಇಂಟ್ ಅರೇಯ ಬಳಿ ಮಾತ್ರ ಸೋಲುವುದಿಲ್ಲ. ಅರೇ ಖಾಲಿಯಾಗಿದ್ದರೆ ಮೊದಲ ಎಲಿಮೆಂಟೇ ಇರುವುದಿಲ್ಲ. ಹತ್ತು ಸ್ಥಾನಗಳ ಸ್ಟ್ರಿಂಗ್ ಅರೇಯನ್ನು ಈಗಷ್ಟೇ ಸೃಷ್ಟಿಸಿದ್ದರೆ ಹತ್ತೂ ಸ್ಥಾನಗಳಲ್ಲಿ ನಲ್ ಇರುತ್ತದೆ, ನಲ್‌ನ ಮೇಲೆ ಗೆಟ್‌ಕ್ಲಾಸ್ ಕರೆಯಲು ಬರುವುದಿಲ್ಲ. ಇವೆರಡೂ ಎಕ್ಸೆಪ್ಷನ್ ಮೂಲಕ ತಮ್ಮನ್ನು ತಾವೇ ತೋರಿಸಿಕೊಳ್ಳುತ್ತವೆ. ನನಗೆ ಹೆಚ್ಚು ಆತಂಕವಾಗುವುದು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಸಂದರ್ಭಗಳ ಬಗ್ಗೆ. ನಂಬರ್ ಎಂಬ ಕ್ಲಾಸ್‌ನ ಅರೇಯಲ್ಲಿ ಮೊದಲು ಒಂದು ಇಂಟೀಜರ್, ಅದರ ಪಕ್ಕದಲ್ಲಿ ಒಂದು ಡಬಲ್ ಇದೆ ಎಂದುಕೊಳ್ಳಿ. ನಿಮ್ಮ ಮೆಥಡ್ ಇದನ್ನು ಇಂಟೀಜರ್ ಅರೇ ಎಂದು ಲಾಗ್‌ಗೆ ಬರೆಯುತ್ತದೆ, ಯಾವ ದೂರೂ ಬರುವುದಿಲ್ಲ, ಮತ್ತು ಆ ಲಾಗನ್ನು ನಂಬಿ ಮುಂದಿನ ಕೋಡ್ ಬರೆದವರು ಪಕ್ಕದ ಡಬಲ್ ಎದುರಾದಾಗ ಎಡವುತ್ತಾರೆ.

ಪ್ರಿಮಿಟಿವ್ ಅರೇಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟ್ ಅರೇಯೂ ಆಬ್ಜೆಕ್ಟ್ ಎಂಬುದು ನಿಜ, ಆದರೆ ಅದರೊಳಗಿನ ಬೆಲೆಗಳು ಆಬ್ಜೆಕ್ಟ್‌ಗಳಲ್ಲ. ಆದುದರಿಂದ ಅದು ಆಬ್ಜೆಕ್ಟ್ ಅರೇ ಆಗುವುದಿಲ್ಲ, ಕಾಸ್ಟ್ ಸೋತದ್ದು ಇದೇ ಕಾರಣಕ್ಕೆ. ಇಲ್ಲಿ ರಿಫ್ಲೆಕ್ಷನ್‌ಗೆ, ಅಂದರೆ ಓಡುವ ಪ್ರೋಗ್ರಾಂ ತನ್ನ ಕ್ಲಾಸ್‌ಗಳನ್ನೂ ಟೈಪ್‌ಗಳನ್ನೂ ತಾನೇ ಪರಿಶೀಲಿಸುವುದಕ್ಕೆ, ಇರುವ ಜಾವಾ ಡಾಟ್ ಲ್ಯಾಂಗ್ ಡಾಟ್ ರಿಫ್ಲೆಕ್ಟ್ ಪ್ಯಾಕೇಜ್‌ನ ಅರೇ ಎಂಬ ಕ್ಲಾಸ್ ನೆರವಿಗೆ ಬರುತ್ತದೆ. 1997ರಲ್ಲಿ ಬಂದ ಜಾವಾ 1.1ರಿಂದಲೂ ಇರುವ ಈ ಕ್ಲಾಸ್‌ನ ಗೆಟ್‌ಲೆಂಗ್ತ್, ಗೆಟ್, ಸೆಟ್ ಮೆಥಡ್‌ಗಳು ಯಾವ ಟೈಪ್‌ನ ಅರೇಯನ್ನು ಕೊಟ್ಟರೂ ಕೆಲಸ ಮಾಡುತ್ತವೆ, ಕಾಸ್ಟ್ ಬೇಕಿಲ್ಲ. ಆದರೆ ಒಂದು ಎಚ್ಚರಿಕೆ. ಇಂಟ್ ಅರೇಯಿಂದ ಗೆಟ್ ಮೂಲಕ ತೆಗೆದ ಬೆಲೆ ಇಂಟೀಜರ್ ಆಬ್ಜೆಕ್ಟ್‌ನೊಳಗೆ ಸುತ್ತಿಕೊಂಡು, ಅಂದರೆ ಬಾಕ್ಸ್ ಆಗಿ, ನಿಮ್ಮ ಕೈಗೆ ಬರುತ್ತದೆ. ಅದರ ಕ್ಲಾಸ್ ಕೇಳಿದರೆ ಇಂಟೀಜರ್ ಎಂದೇ ಉತ್ತರ ಬರುತ್ತದೆ, ಅರೇಯ ಕಾಂಪೊನೆಂಟ್ ಟೈಪ್ ಮಾತ್ರ ಇಂಟ್. ಈ ಎರಡು ಕ್ಲಾಸ್ ಆಬ್ಜೆಕ್ಟ್‌ಗಳು ಬೇರೆ ಬೇರೆ. ಹೋಲಿಸಿದರೆ ಸಮವಾಗುವುದಿಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೇ ಎಂದು ಈಸ್‌ಅಸೈನಬಲ್‌ಫ್ರಂ ಮೂಲಕ ಕೇಳಿದರೂ ಇಲ್ಲವೆಂದೇ ಉತ್ತರ. ಸಾಮಾನ್ಯ ಕೋಡ್‌ನಲ್ಲಿ ಕಂಪೈಲರ್ ಇವೆರಡರ ನಡುವಿನ ಬಾಕ್ಸಿಂಗನ್ನು ತಾನೇ ಮಾಡಿಕೊಡುವುದರಿಂದ ನಮಗೆ ವ್ಯತ್ಯಾಸ ಕಾಣುವುದಿಲ್ಲ, ರಿಫ್ಲೆಕ್ಷನ್‌ನಲ್ಲಿ ಅದು ಎದುರಿಗೆ ಬಂದು ನಿಲ್ಲುತ್ತದೆ. ಕಾಂಪೊನೆಂಟ್ ಟೈಪ್‌ನ ಮೇಲೆ ಈಸ್‌ಪ್ರಿಮಿಟಿವ್ ಕರೆದು ಮೊದಲೇ ಕವಲೊಡೆದುಕೊಂಡರೆ ಗೊಂದಲ ತಪ್ಪುತ್ತದೆ.

ಅರೇಯ ಉದ್ದವನ್ನು ರಿಫ್ಲೆಕ್ಷನ್‌ನಲ್ಲಿ ಫೀಲ್ಡ್ ಎಂದು ಹುಡುಕುವವರೂ ಇದ್ದಾರೆ. ಕೋಡ್‌ನಲ್ಲಿ ಲೆಂಗ್ತ್ ಎಂದು ಫೀಲ್ಡ್‌ನಂತೆಯೇ ಬರೆಯುತ್ತೇವಾದರೂ ಅರೇಯ ಕ್ಲಾಸ್‌ನ ಮೇಲೆ ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್ ಕರೆದರೆ ಸಿಗುವುದು ಖಾಲಿ ಪಟ್ಟಿ. ಉದ್ದಕ್ಕೆ ಗೆಟ್‌ಲೆಂಗ್ತ್ ಒಂದೇ ದಾರಿ. ಅದೇ ಕ್ಲಾಸ್‌ಗೆ ಸೂಪರ್‌ಕ್ಲಾಸ್ ಯಾವುದು ಎಂದು ಕೇಳಿದರೆ, ಯಾವ ಟೈಪ್‌ನ ಅರೇಯಾದರೂ ಆಬ್ಜೆಕ್ಟ್ ಎಂಬ ಉತ್ತರ ಬರುತ್ತದೆ. ಇಂಟರ್‌ಫೇಸ್‌ಗಳನ್ನು ಕೇಳಿದರೆ ಕ್ಲೋನಬಲ್ ಮತ್ತು ಸೀರಿಯಲೈಸಬಲ್ ಎಂಬ ಎರಡೇ.

ನಿಮ್ಮ ಲಾಗ್ ಮೆಥಡ್‌ಗೆ ಟೈಪ್‌ನ ಜೊತೆಗೆ ಒಳಗಿನ ಬೆಲೆಗಳೂ ಬೇಕಿದ್ದರೆ ಪ್ರತಿಯೊಂದನ್ನೂ ರಿಫ್ಲೆಕ್ಷನ್‌ನ ಗೆಟ್‌ನಿಂದ ತೆಗೆಯಬೇಕೆಂದಿಲ್ಲ. ಜಾವಾದ ಪ್ರಿಮಿಟಿವ್ ಟೈಪ್‌ಗಳು ಎಂಟು. ಅವುಗಳ ಎಂಟು ಅರೇ ಟೈಪ್‌ಗಳನ್ನು ಬಿಟ್ಟರೆ ಉಳಿದ ಎಲ್ಲ ಅರೇಗಳೂ ಆಬ್ಜೆಕ್ಟ್ ಅರೇ ಎಂದು ಕಾಸ್ಟ್ ಆಗುತ್ತವೆ. ಹೀಗಾಗಿ ಒಂಬತ್ತು ಕವಲುಗಳಲ್ಲಿ ಪ್ರಪಂಚದ ಎಲ್ಲ ಅರೇಗಳೂ ಅಡಗುತ್ತವೆ. ಜಾವಾ 21ರ ಸ್ವಿಚ್‌ನಲ್ಲಿ ಟೈಪ್ ಪ್ಯಾಟರ್ನ್ ಬಳಸಿ ಈ ಒಂಬತ್ತನ್ನೂ ಅಚ್ಚುಕಟ್ಟಾಗಿ ಬರೆಯಬಹುದು. ಅರೇಸ್ ಕ್ಲಾಸ್‌ನ ಡೀಪ್‌ಟುಸ್ಟ್ರಿಂಗ್ ಮೆಥಡ್ ಕೂಡ ಒಳಗೆ ಮಾಡುವುದು ಇಂಥದ್ದೇ ವಿಂಗಡಣೆಯನ್ನು. ಆಬ್ಜೆಕ್ಟ್ ಅರೇಯೊಂದು ತನ್ನನ್ನೇ ತನ್ನ ಎಲಿಮೆಂಟ್ ಆಗಿ ಇಟ್ಟುಕೊಂಡಿದ್ದರೆ ಕೊನೆಯಿಲ್ಲದ ಸುತ್ತಿಗೆ ಬೀಳದೆ, ಆ ಜಾಗದಲ್ಲಿ ಮೂರು ಚುಕ್ಕಿಗಳನ್ನು ಮುದ್ರಿಸುವ ಎಚ್ಚರವೂ ಅದಕ್ಕಿದೆ. ನೀವೇ ರಿಕರ್ಸಿವ್ (ತನ್ನನ್ನು ತಾನೇ ಕರೆಯುವ) ಮೆಥಡ್ ಬರೆಯುವುದಾದರೆ ಈ ಎಚ್ಚರವನ್ನು ನೀವೂ ಇಟ್ಟುಕೊಳ್ಳಬೇಕು.

ಪ್ರಶ್ನೆ: ಎರಡು ಆಯಾಮದ ಇಂಟ್ ಅರೇಯ ಮೇಲೆ ಗೆಟ್‌ಕಾಂಪೊನೆಂಟ್‌ಟೈಪ್ ಕರೆದಾಗ ಇಂಟ್ ಸಿಗುತ್ತದೆ ಎಂದುಕೊಂಡಿದ್ದೆ. ಮುದ್ರಿಸಿ ನೋಡಿದರೆ ಒಂದು ಎಡ ಚೌಕಾವರಣ, ಅದರ ಮುಂದೆ 'ಐ' ಎಂಬ ದೊಡ್ಡಕ್ಷರ ಮಾತ್ರ ಬಂತು. ಇದರ ಅರ್ಥವೇನು? (ಪಾಲಿಟೆಕ್ನಿಕ್ ಉಪನ್ಯಾಸಕರು, ಹಾಸನ)

ಉತ್ತರ: ನಿಮಗೆ ಬಂದ ಉತ್ತರ ಸರಿಯಾಗಿದೆ. ಜಾವಾದಲ್ಲಿ ನಿಜಾರ್ಥದ ಎರಡು ಆಯಾಮದ ಅರೇ ಇಲ್ಲ. ಇರುವುದು ಅರೇಗಳ ಅರೇ. ಆದ್ದರಿಂದ ಅದರ ಕಾಂಪೊನೆಂಟ್ ಟೈಪ್ ಇಂಟ್ ಅರೇ, ಮತ್ತು ನೀವು ಕಂಡದ್ದು ಜಾವಾ ಕೋಡನ್ನು ಓಡಿಸುವ ವರ್ಚುವಲ್ ಮೆಷಿನ್ ಒಳಗೆ ಇಂಟ್ ಅರೇಗೆ ಇರುವ ಹೆಸರು. ಒಂದು ಎಡ ಚೌಕಾವರಣವೆಂದರೆ ಒಂದು ಆಯಾಮ. ಅದರ ಮುಂದಿನ ಅಕ್ಷರ ಟೈಪ್. ಇಂಟ್‌ಗೆ ಐ, ಬೈಟ್‌ಗೆ ಬಿ, ಚಾರ್‌ಗೆ ಸಿ, ಶಾರ್ಟ್‌ಗೆ ಎಸ್, ಫ್ಲೋಟ್‌ಗೆ ಎಫ್, ಡಬಲ್‌ಗೆ ಡಿ. ಬಿ ಅಕ್ಷರ ಬೈಟ್‌ಗೆ ಹೋದದ್ದರಿಂದ ಬೂಲಿಯನ್‌ಗೆ ಝಡ್ ಬಂದಿದೆ. ಎಲ್ ಅಕ್ಷರವನ್ನು ಕ್ಲಾಸ್ ಮತ್ತು ಇಂಟರ್‌ಫೇಸ್‌ಗಳ ಹೆಸರಿನ ಮುಂದೆ ಹಾಕುವ ರೂಢಿ ಇರುವುದರಿಂದ ಲಾಂಗ್‌ಗೆ ಜೆ ಸಿಕ್ಕಿದೆ. ಸ್ಟ್ರಿಂಗ್ ಅರೇಯಾದರೆ ಚೌಕಾವರಣ, ಎಲ್, ಆಮೇಲೆ ಕ್ಲಾಸ್‌ನ ಪೂರ್ಣ ಹೆಸರು, ಕೊನೆಗೆ ಒಂದು ಅರ್ಧವಿರಾಮ ಚಿಹ್ನೆ. ವಿದ್ಯಾರ್ಥಿಗಳು ಅರೇಯನ್ನು ನೇರವಾಗಿ ಮುದ್ರಿಸಿದಾಗ ಪರದೆಯ ಮೇಲೆ ಮೂಡುವ, ಅಟ್ ಚಿಹ್ನೆ ಮತ್ತು ಹ್ಯಾಶ್ ಸಂಖ್ಯೆ ಅಂಟಿದ ಒಗಟಿನಂಥ ಸಾಲಿನ ಮೊದಲ ಭಾಗವೂ ಇದೇ ಹೆಸರು. ತರಗತಿಯಲ್ಲಿ ಆ ಸಾಲನ್ನು ಬಿಡಿಸಿ ತೋರಿಸಿದರೆ ಮಕ್ಕಳಿಗೆ ಅದು ಮತ್ತೆಂದೂ ಕಸದಂತೆ ಕಾಣದು.

ಮನುಷ್ಯರು ಓದುವ ರೂಪ ಬೇಕಿದ್ದರೆ ಜಾವಾ 8ರಿಂದ ಇರುವ ಗೆಟ್‌ಟೈಪ್‌ನೇಮ್ ಬಳಸಿ. ಇಂಟ್‌ನ ಮುಂದೆ ಎರಡು ಜೋಡಿ ಚೌಕಾವರಣಗಳೊಂದಿಗೆ, ನಾವು ಕೋಡ್‌ನಲ್ಲಿ ಬರೆಯುವಂತೆಯೇ ಅದು ಹೆಸರು ಕೊಡುತ್ತದೆ. ಒಳಗಿನ ಹೆಸರಿಗೂ ಒಂದು ಉಪಯೋಗವಿದೆ: ಕ್ಲಾಸ್‌ನ ಫಾರ್‌ನೇಮ್ ಮೆಥಡ್‌ಗೆ ಅದನ್ನು ಕೊಟ್ಟರೆ ಅರೇಯ ಕ್ಲಾಸ್ ಸಿಗುತ್ತದೆ. ಕ್ಲಾಸ್‌ಲೋಡರ್‌ನ ಲೋಡ್‌ಕ್ಲಾಸ್‌ಗೆ ಕೊಟ್ಟರೆ ಸಿಗುವುದಿಲ್ಲ.

ಇನ್ನು ಒಳಗಿನ ಇಂಟ್‌ನವರೆಗೆ ಇಳಿಯುವ ಬಗೆ. ಜಾವಾ ಭಾಷೆಯ ಅಧಿಕೃತ ವಿವರಣೆಯಲ್ಲಿ ಕಾಂಪೊನೆಂಟ್ ಟೈಪ್ ಮತ್ತು ಎಲಿಮೆಂಟ್ ಟೈಪ್ ಎಂದು ಎರಡು ಬೇರೆ ಪದಗಳಿವೆ. ಒಂದು ಮೆಟ್ಟಿಲು ಇಳಿದಾಗ ಸಿಗುವುದು ಕಾಂಪೊನೆಂಟ್ ಟೈಪ್. ಅರೇ ಅಲ್ಲದ ಟೈಪ್ ಸಿಗುವವರೆಗೆ ಇಳಿದಾಗ ಕೊನೆಯಲ್ಲಿ ಸಿಗುವುದು ಎಲಿಮೆಂಟ್ ಟೈಪ್. ಎರಡನೆಯದಕ್ಕೆ ಸಿದ್ಧ ಮೆಥಡ್ ಇಲ್ಲ. ಕ್ಲಾಸ್ ಅರೇ ಆಗಿರುವವರೆಗೂ ಅದರ ಕಾಂಪೊನೆಂಟ್ ಟೈಪನ್ನು ತೆಗೆದುಕೊಳ್ಳುತ್ತ, ಪ್ರತಿ ಸುತ್ತಿಗೂ ಒಂದನ್ನು ಎಣಿಸುತ್ತ ಹೋಗುವ ವೈಲ್ ಲೂಪ್ ಸಾಕು. ಲೂಪ್ ನಿಂತಾಗ ಎಲಿಮೆಂಟ್ ಟೈಪೂ ಆಯಾಮಗಳ ಸಂಖ್ಯೆಯೂ ಒಟ್ಟಿಗೆ ಕೈಯಲ್ಲಿರುತ್ತವೆ. ಆಯಾಮಗಳು 255ನ್ನು ಮೀರುವಂತಿಲ್ಲವಾದ್ದರಿಂದ ಲೂಪ್ ಎಷ್ಟು ಸುತ್ತುತ್ತದೋ ಎಂಬ ಭಯ ಬೇಡ.

ಈ ಎಣಿಕೆ ಟೈಪ್‌ನ ಆಳವನ್ನು ಹೇಳುತ್ತದೆ, ಒಳಗಿರುವ ವಸ್ತುಗಳ ಆಳವನ್ನಲ್ಲ ಎಂಬುದನ್ನು ಮಾತ್ರ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ಮೂರು ಸಾಲುಗಳ ಎರಡು ಆಯಾಮದ ಅರೇಯಲ್ಲಿ ಸಾಲುಗಳನ್ನು ಇನ್ನೂ ತುಂಬಿಲ್ಲದಿದ್ದರೆ ಮೂರೂ ನಲ್ ಆಗಿದ್ದರೂ ಆಯಾಮ ಎರಡೇ. ಆಬ್ಜೆಕ್ಟ್ ಅರೇಯೊಂದರ ಒಳಗೆ ಇಂಟ್ ಅರೇಗಳನ್ನು ಇಟ್ಟಿದ್ದರೆ ಲೂಪ್ ಒಂದೇ ಸುತ್ತಿಗೆ ನಿಂತು, ಎಲಿಮೆಂಟ್ ಟೈಪ್ ಆಬ್ಜೆಕ್ಟ್ ಎನ್ನುತ್ತದೆ. ಅದು ಪೂರ್ಣ ಸರಿ, ಏಕೆಂದರೆ ಆ ಅರೇಯಲ್ಲಿ ನಾಳೆ ಒಂದು ಸ್ಟ್ರಿಂಗನ್ನು ಇಡಲೂ ಅಡ್ಡಿಯಿಲ್ಲ.

ಪ್ರಶ್ನೆ: ಆಬ್ಜೆಕ್ಟ್ ಅರೇ ಎಂದು ಘೋಷಿಸಿದ ವೇರಿಯಬಲ್‌ನ ಕಾಂಪೊನೆಂಟ್ ಟೈಪ್ ಕೇಳಿದರೆ ಸ್ಟ್ರಿಂಗ್ ಎಂದು ಬರುತ್ತಿದೆ. ಅದರಲ್ಲಿ ಒಂದು ಇಂಟೀಜರ್ ಇಡಲು ಹೋದರೆ, ಕಂಪೈಲ್ ಆದ ಕೋಡ್ ಓಡುವಾಗ ಅರೇಸ್ಟೋರ್‌ಎಕ್ಸೆಪ್ಷನ್ ಕೊಡುತ್ತದೆ. ಘೋಷಣೆಯಲ್ಲಿ ಬರೆದದ್ದಕ್ಕೆ ಬೆಲೆಯೇ ಇಲ್ಲವೇ? (ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು)

ಉತ್ತರ: ಇಲ್ಲಿ ಮೂರು ಟೈಪ್‌ಗಳಿವೆ, ಮೂರನ್ನೂ ಬಿಡಿಬಿಡಿಯಾಗಿ ನೋಡಬೇಕು. ವೇರಿಯಬಲ್‌ನ ಟೈಪ್ ನೀವು ಘೋಷಿಸಿದ್ದು. ಅದು ಕಂಪೈಲರ್‌ಗೆ ಸೇರಿದ್ದು. ಅರೇಯ ಟೈಪ್, ಅರೇಯನ್ನು ನ್ಯೂ ಎಂದು ಸೃಷ್ಟಿಸಿದ ಸಾಲಿನಲ್ಲಿ ತೀರ್ಮಾನವಾದದ್ದು. ಅದು ಓಡುವ ಪ್ರೋಗ್ರಾಂಗೆ ಸೇರಿದ್ದು, ಗೆಟ್‌ಕ್ಲಾಸ್ ಹೇಳುವುದು ಅದನ್ನೇ. ಒಳಗಿರುವ ಪ್ರತಿ ಆಬ್ಜೆಕ್ಟ್‌ನ ಟೈಪ್ ಮೂರನೆಯದು. ಅದು ಅರೇಯ ಕಾಂಪೊನೆಂಟ್ ಟೈಪೇ ಆಗಿರಬಹುದು, ಅದರ ಸಬ್‌ಕ್ಲಾಸೂ ಆಗಿರಬಹುದು. ನಿಮ್ಮ ಕೋಡ್‌ನಲ್ಲಿ ಎಲ್ಲೋ ಸ್ಟ್ರಿಂಗ್ ಅರೇಯಾಗಿ ಹುಟ್ಟಿದ ವಸ್ತು ಆಬ್ಜೆಕ್ಟ್ ಅರೇ ಎಂಬ ವೇರಿಯಬಲ್‌ಗೆ ಬಂದಿದೆ. ಜಾವಾ ಇದಕ್ಕೆ ಅವಕಾಶ ಕೊಡುತ್ತದೆ: ಸ್ಟ್ರಿಂಗ್ ಎಂಬುದು ಆಬ್ಜೆಕ್ಟ್‌ನ ಸಬ್‌ಟೈಪ್ ಆದ್ದರಿಂದ ಸ್ಟ್ರಿಂಗ್ ಅರೇಯನ್ನೂ ಆಬ್ಜೆಕ್ಟ್ ಅರೇಯ ಸಬ್‌ಟೈಪ್ ಎಂದು ಅದು ಪರಿಗಣಿಸುತ್ತದೆ. ಇದಕ್ಕೆ ಕೋವೇರಿಯನ್ಸ್ ಎಂದು ಹೆಸರು.

ಜೆನೆರಿಕ್ಸ್ (ಲಿಸ್ಟ್‌ನಂಥವುಗಳ ಒಳಗಿನ ವಸ್ತುವಿನ ಟೈಪನ್ನು ಕೋಡ್‌ನಲ್ಲೇ ಸೂಚಿಸುವ ಸೌಲಭ್ಯ) ಬಂದದ್ದು 2004ರ ಜಾವಾ 5ರಲ್ಲಿ. ಅದಕ್ಕೂ ಮೊದಲು, ಯಾವ ವಸ್ತುಗಳ ಅರೇಯನ್ನು ಕೊಟ್ಟರೂ ವಿಂಗಡಿಸಬಲ್ಲ ಒಂದೇ ಸಾರ್ಟ್ ಮೆಥಡ್ ಬರೆಯಲು ಆಬ್ಜೆಕ್ಟ್ ಅರೇಯನ್ನು ಪ್ಯಾರಾಮೀಟರ್ ಆಗಿ ಸ್ವೀಕರಿಸುವುದೇ ಸುಲಭದ ದಾರಿಯಾಗಿತ್ತು, ಕೋವೇರಿಯನ್ಸ್ ಇಲ್ಲದೆ ಅದು ಸಾಧ್ಯವಿರಲಿಲ್ಲ. ಅದಕ್ಕೆ ತೆತ್ತ ಬೆಲೆಯೆಂದರೆ, ಆಬ್ಜೆಕ್ಟ್‌ಗಳ ಅರೇಗೆ ಏನನ್ನಾದರೂ ಬರೆಯುವಾಗ ವರ್ಚುವಲ್ ಮೆಷಿನ್ ಅರೇಯ ನಿಜವಾದ ಕಾಂಪೊನೆಂಟ್ ಟೈಪನ್ನು ನೋಡಿ, ಹೊಂದದಿದ್ದರೆ ಅರೇಸ್ಟೋರ್‌ಎಕ್ಸೆಪ್ಷನ್ ಎಸೆಯಬೇಕಾಗುತ್ತದೆ. ಕಂಪೈಲರ್ ಹಿಡಿಯಬೇಕಾದ ತಪ್ಪನ್ನು ಓಡುವ ಕಾಲಕ್ಕೆ ದೂಡಿದ ಈ ನಿರ್ಧಾರವನ್ನು ನಾನು ಒಳ್ಳೆಯದೆಂದು ಹೇಳಲಾರೆ. ಆದರೆ ಅರೇಯು ತನ್ನ ಟೈಪನ್ನು ಓಡುವಾಗಲೂ ನೆನಪಿಡುವುದಕ್ಕೆ ಇದೇ ಒಂದು ಕಾರಣ; ಆ ನೆನಪಿನಿಂದಲೇ ರಿಫ್ಲೆಕ್ಷನ್‌ಗೂ ಉತ್ತರ ಸಿಗುತ್ತಿದೆ.

ನಿಮ್ಮ ಅರೇ ಎಲ್ಲಿಂದ ಬಂತು ಎಂದು ಹುಡುಕುವಾಗ ಅರೇಸ್ ಕ್ಲಾಸ್‌ನ ಆಸ್‌ಲಿಸ್ಟ್ ಬಳಸಿರುವ ಜಾಗಗಳನ್ನು ಮೊದಲು ನೋಡಿ. ಆಸ್‌ಲಿಸ್ಟ್‌ನಿಂದ ಬಂದ ಲಿಸ್ಟ್‌ನ ಮೇಲೆ ಟುಅರೇ ಕರೆದಾಗ ಆಬ್ಜೆಕ್ಟ್ ಅರೇ ಬರಬೇಕಿದ್ದರೂ ಜಾವಾ 8ರವರೆಗೆ ಒಳಗಿದ್ದ ಸ್ಟ್ರಿಂಗ್ ಅರೇಯ ನಕಲೇ ಬರುತ್ತಿತ್ತು. ಜಾವಾ 9ರಲ್ಲಿ ಇದನ್ನು ಸರಿಪಡಿಸಿದರು. ಹಳೆಯ ಆವೃತ್ತಿಯಲ್ಲಿ ಓಡುವ ಕೋಡ್ ಇನ್ನೂ ಅನೇಕ ಕಡೆ ಇದೆ.

ಪ್ರಶ್ನೆ: ಸ್ಟ್ರಿಂಗ್‌ಗಳ ಲಿಸ್ಟ್‌ಗಳ ಅರೇಯನ್ನು ಫೀಲ್ಡ್ ಆಗಿ ಇಟ್ಟುಕೊಂಡಿದ್ದೇನೆ. ಅದರ ಕಾಂಪೊನೆಂಟ್ ಟೈಪ್ ಬರಿಯ ಲಿಸ್ಟ್ ಎಂದು ಬರುತ್ತದೆ. ಸ್ಟ್ರಿಂಗ್ ಎಂಬ ಭಾಗ ಎಲ್ಲಿ ಹೋಯಿತು? (ಎಂಸಿಎ ವಿದ್ಯಾರ್ಥಿ, ಧಾರವಾಡ)

ಉತ್ತರ: ಜೆನೆರಿಕ್ಸ್‌ನ ಟೈಪ್ ಆರ್ಗ್ಯುಮೆಂಟ್‌ಗಳು ಕಂಪೈಲ್ ಆದ ಮೇಲೆ ಆಬ್ಜೆಕ್ಟ್‌ಗಳಲ್ಲಿ ಉಳಿಯುವುದಿಲ್ಲ, ಇದನ್ನು ಇರೇಷರ್ ಎನ್ನುತ್ತಾರೆ. ಅರೇಯನ್ನು ಕೇಳಿದರೆ ಅದಕ್ಕೆ ಲಿಸ್ಟ್ ಎಂಬುದಷ್ಟೇ ಗೊತ್ತು. ಆದರೆ ಫೀಲ್ಡ್‌ನ ಘೋಷಣೆಯಲ್ಲಿ ನೀವು ಬರೆದದ್ದು ಕ್ಲಾಸ್ ಫೈಲ್‌ನಲ್ಲಿ ಉಳಿದಿರುತ್ತದೆ. ಫೀಲ್ಡ್ ಆಬ್ಜೆಕ್ಟ್‌ನ ಮೇಲೆ ಗೆಟ್‌ಟೈಪ್‌ನ ಬದಲು ಗೆಟ್‌ಜೆನೆರಿಕ್‌ಟೈಪ್ ಕರೆಯಿರಿ. ನಿಮ್ಮ ಫೀಲ್ಡ್‌ಗೆ ಅದು ಜೆನೆರಿಕ್‌ಅರೇಟೈಪ್ ಎಂಬ ಇಂಟರ್‌ಫೇಸ್‌ನ ಆಬ್ಜೆಕ್ಟ್ ಕೊಡುತ್ತದೆ. ಅದರ ಮೇಲೆ ಗೆಟ್‌ಜೆನೆರಿಕ್‌ಕಾಂಪೊನೆಂಟ್‌ಟೈಪ್ ಕರೆದರೆ ಸ್ಟ್ರಿಂಗ್ ಸಮೇತವಾದ ಲಿಸ್ಟ್ ಸಿಗುತ್ತದೆ. ಅರೇ ಇನ್ನೂ ನಲ್ ಆಗಿದ್ದರೂ ಇದು ನಡೆಯುತ್ತದೆ, ಏಕೆಂದರೆ ಇಲ್ಲಿ ನಾವು ಓದುತ್ತಿರುವುದು ಘೋಷಣೆಯನ್ನು.

ನ್ಯೂ ಎಂಬುದರ ಮುಂದೆ ಟೈಪ್ ಪ್ಯಾರಾಮೀಟರ್ ಟಿ ಬರೆದು ಅರೇ ಸೃಷ್ಟಿಸಲು ಕಂಪೈಲರ್ ಒಪ್ಪದಿರುವುದೂ ಇದೇ ಇರೇಷರ್‌ನಿಂದ. ಹುಟ್ಟುವಾಗಲೇ ಅರೇಗೆ ತನ್ನ ಕಾಂಪೊನೆಂಟ್ ಟೈಪ್ ತಿಳಿದಿರಬೇಕು, ಟಿ ಏನೆಂಬುದು ಓಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಆಗ ರಿಫ್ಲೆಕ್ಷನ್‌ನ ಅರೇ ಕ್ಲಾಸ್‌ನ ನ್ಯೂಇನ್‌ಸ್ಟನ್ಸ್ ಮೆಥಡ್‌ಗೆ ಕ್ಲಾಸ್ ಆಬ್ಜೆಕ್ಟನ್ನೂ ಉದ್ದವನ್ನೂ ಕೊಟ್ಟು ಸೃಷ್ಟಿಸಿಕೊಳ್ಳಬೇಕು. ಲಿಸ್ಟ್‌ನ ಟುಅರೇ ಮೆಥಡ್‌ಗೆ ನೀವು ಶೂನ್ಯ ಉದ್ದದ ಸ್ಟ್ರಿಂಗ್ ಅರೇ ಕೊಟ್ಟರೂ ತುಂಬಿದ ಸ್ಟ್ರಿಂಗ್ ಅರೇ ವಾಪಸ್ ಬರುತ್ತದಲ್ಲವೇ? ಕೊಟ್ಟ ಅರೇ ಚಿಕ್ಕದಾದರೆ ಅದೇ ಟೈಪ್‌ನ ಹೊಸ ಅರೇಯನ್ನು ಸೃಷ್ಟಿಸಬೇಕೆಂಬುದು ಆ ಮೆಥಡ್‌ನ ನಿಯಮ. ಖಾಲಿ ಅರೇಯನ್ನು ಕೇವಲ ಟೈಪ್ ತಿಳಿಸುವುದಕ್ಕಾಗಿ ಬಳಸುವ ಸೊಗಸಾದ ಉದಾಹರಣೆ ಅದು.

ಪ್ರಶ್ನೆ: ನಾನು ಸಿ ಶಾರ್ಪ್‌ನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯೂ ಇದೇ ಕ್ರಮವೇ? (ಕನ್ನಡಿಗ ಓದುಗರು, ಪುಣೆ)

ಉತ್ತರ: ತತ್ವ ಅದೇ. ಟೈಪ್ ಕ್ಲಾಸ್‌ನ ಈಸ್‌ಅರೇ ಗುಣವನ್ನು ನೋಡಿ, ಗೆಟ್‌ಎಲಿಮೆಂಟ್‌ಟೈಪ್ ಕರೆಯಬೇಕು. ಹೆಸರಿನಲ್ಲಿ ಎಲಿಮೆಂಟ್ ಎಂದಿದ್ದರೂ ಅದು ಇಳಿಯುವುದು ಒಂದೇ ಮೆಟ್ಟಿಲು. ದೊಡ್ಡ ವ್ಯತ್ಯಾಸವೆಂದರೆ ಸಿ ಶಾರ್ಪ್‌ನಲ್ಲಿ ಅರೇಗಳ ಅರೇಯ ಜೊತೆಗೆ, ಆವರಣದೊಳಗೆ ಅಲ್ಪವಿರಾಮ ಹಾಕಿ ಬರೆಯುವ ನಿಜವಾದ ಬಹು ಆಯಾಮದ ಅರೇಯೂ ಇದೆ. ಅರೇಗಳ ಅರೇಯ ಎಲಿಮೆಂಟ್ ಟೈಪ್ ಕೇಳಿದರೆ ಇಂಟ್ ಅರೇ, ಎರಡು ಆಯಾಮದ ಅರೇಯದನ್ನು ಕೇಳಿದರೆ ನೇರವಾಗಿ ಇಂಟ್ ಬರುತ್ತದೆ. ಆಯಾಮಗಳ ಸಂಖ್ಯೆಗೆ ಗೆಟ್‌ಅರೇರ್‍ಯಾಂಕ್ ಇದೆ. ಪಾಯಿಂಟರ್ ಮತ್ತು ರೆಫರೆನ್ಸ್ ಟೈಪ್‌ಗಳಿಗೂ ಗೆಟ್‌ಎಲಿಮೆಂಟ್‌ಟೈಪ್ ಉತ್ತರ ಕೊಡುವುದರಿಂದ, ನಲ್ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅದು ಅರೇ ಎಂದು ತೀರ್ಮಾನಿಸಬೇಡಿ. ಲಿಸ್ಟ್‌ಗೆ ಈ ಮೆಥಡ್ ನಲ್ ಕೊಡುತ್ತದೆ. ಅಲ್ಲಿ ಗೆಟ್‌ಜೆನೆರಿಕ್‌ಆರ್ಗ್ಯುಮೆಂಟ್ಸ್ ಬೇಕು, ಮತ್ತು ಸಿ ಶಾರ್ಪ್ ಟೈಪ್ ಆರ್ಗ್ಯುಮೆಂಟ್‌ಗಳನ್ನು ಓಡುವಾಗಲೂ ಉಳಿಸಿಕೊಳ್ಳುವುದರಿಂದ ಜಾವಾದವರಿಗೆ ಸಿಗದ ಉತ್ತರ ನಿಮಗೆ ಸಿಗುತ್ತದೆ.

ಪ್ರಶ್ನೆ: ಇನ್ನೊಂದು ಕ್ಲಾಸ್‌ನ ಮೇನ್ ಮೆಥಡನ್ನು ರಿಫ್ಲೆಕ್ಷನ್‌ನಿಂದ ಕರೆಯುವಾಗ ಇನ್‌ವೋಕ್‌ಗೆ ಸ್ಟ್ರಿಂಗ್ ಅರೇಯನ್ನೇ ಕೊಟ್ಟಿದ್ದೇನೆ. ಆದರೂ ಆರ್ಗ್ಯುಮೆಂಟ್‌ಗಳ ಸಂಖ್ಯೆ ತಪ್ಪು ಎಂಬ ದೋಷ ಬರುತ್ತಿದೆ. (ಓದುಗರು, ಶಿವಮೊಗ್ಗ)

ಉತ್ತರ: ಮೇಲೆ ಹೇಳಿದ ಕೋವೇರಿಯನ್ಸ್ ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಗಿದೆ. ಇನ್‌ವೋಕ್ ಮೆಥಡ್ ಆರ್ಗ್ಯುಮೆಂಟ್‌ಗಳನ್ನು ವಾರ್‌ಆರ್ಗ್ಸ್ ಮೂಲಕ, ಅಂದರೆ ಒಂದು ಆಬ್ಜೆಕ್ಟ್ ಅರೇಯಾಗಿ ಸ್ವೀಕರಿಸುತ್ತದೆ. ನೀವು ಕೊಟ್ಟ ಸ್ಟ್ರಿಂಗ್ ಅರೇ ಆಬ್ಜೆಕ್ಟ್ ಅರೇಯೂ ಹೌದು; ಆದ್ದರಿಂದ ಇಡೀ ಅರೇಯನ್ನು ಒಂದು ಆರ್ಗ್ಯುಮೆಂಟ್ ಎಂದು ಎಣಿಸದೆ, ಅದರೊಳಗಿನ ಪ್ರತಿ ಸ್ಟ್ರಿಂಗನ್ನೂ ಒಂದೊಂದು ಆರ್ಗ್ಯುಮೆಂಟ್ ಎಂದು ಎಣಿಸಲಾಗಿದೆ. ಮೂರು ಸ್ಟ್ರಿಂಗ್‌ಗಳಿದ್ದರೆ ಮೂರು ಆರ್ಗ್ಯುಮೆಂಟ್‌ಗಳಾದವು, ಮೇನ್ ಬಯಸುವುದು ಒಂದನ್ನು. ಸರಿಯಾಗಿ ಒಂದೇ ಸ್ಟ್ರಿಂಗ್ ಇದ್ದಾಗ ಸಂಖ್ಯೆ ಹೊಂದಿ, ಟೈಪ್ ಹೊಂದದೆ ಬೇರೆಯದೇ ಸಂದೇಶ ಬರುವುದರಿಂದ ಕಾರಣ ಹುಡುಕುವುದು ಇನ್ನಷ್ಟು ಕಷ್ಟವಾಗುತ್ತದೆ. ಅರೇಯನ್ನು ಆಬ್ಜೆಕ್ಟ್ ಎಂದು ಕಾಸ್ಟ್ ಮಾಡಿ ಇನ್‌ವೋಕ್‌ಗೆ ಕೊಡಿ. ಆಗ ಕಂಪೈಲರ್ ಅದನ್ನು ಇಡಿಯಾಗಿ ಒಂದು ಎಲಿಮೆಂಟ್ ಎಂದು ತಿಳಿದು, ಒಂದೇ ಸ್ಥಾನವಿರುವ ಹೊಸ ಆಬ್ಜೆಕ್ಟ್ ಅರೇಯಲ್ಲಿ ಇಟ್ಟು ಕಳಿಸುತ್ತದೆ. ಇಂಟ್ ಅರೇಯನ್ನು ಸ್ವೀಕರಿಸುವ ಮೆಥಡ್‌ಗಳಿಗೆ ಈ ಕಾಸ್ಟ್ ಬೇಕಾಗುವುದಿಲ್ಲ, ಏಕೆಂದರೆ ಇಂಟ್ ಅರೇ ಆಬ್ಜೆಕ್ಟ್ ಅರೇ ಅಲ್ಲ.